ರಂಪಣಿ ಹೋದ ಮೇಲೆ: ಉಡುಪಿ ಕರಾವಳಿಯ ಒಂದು ಪ್ರಕರಣ

ಮಲ್ಪೆಯಿಂದ ಕಡಲ ಬದಿ ಹಿಡಿದು ದಕ್ಷಿಣಕ್ಕೆ ಹೊರಟರೆ ಪಡುಕೆರೆ, ಪಿತ್ರೋಡಿ, ಮಟ್ಟು, ಕೈಪುಂಜಾಲು, ಕಾಪು, ಪೊಲಿಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ ಒಂದರ ಹಿಂದೆ ಒಂದು ಸಿಗುತ್ತವೆ. ಪಡುವಲ್ಲಿ ಕಡಲು, ಮೂಡಲ್ಲಿ ಹೊಳೆಯೋ ಗದ್ದೆಯೋ. ನಡುವಿನ ಮರಳಿನ ಪಟ್ಟಿಯಲ್ಲಿ ಮೀನುಗಾರ ಸಮುದಾಯವಾದ ಮೊಗವೀರರ ಮನೆಗಳು, ಒಂದು ಭಜನಾ ಮಂದಿರ, ಊರಿನ ಮಾತು ನಡೆಸಲು ಒಬ್ಬ ಗುರಿಕಾರ. ಈಗಿನವರಿಗೆ ಇಲ್ಲಿ ಮೀನುಗಾರಿಕೆ ಅಂದರೆ ಮಲ್ಪೆ ಬಂದರು, ಅಲ್ಲಿನ ಬೋಟು, ಐಸು, ಲಾರಿ. ಐವತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಮೀನು ಇಳಿಯುತ್ತಿದ್ದದ್ದು ಆಯಾ ಊರಿನ ದಡದಲ್ಲೇ. ಇಳಿಸುತ್ತಿದ್ದದ್ದು ರಂಪಣಿ ಅನ್ನುವ ದೊಡ್ಡ ಬಲೆ.

ಆ ರಂಪಣಿ ಸುಮಾರು ಹತ್ತು ವರ್ಷದೊಳಗೆ ಮೂಲೆ ಸೇರಿತು. 1970ರ ದಶಕದ ನಡುವೆ ಶುರುವಾದ ಕಥೆ 80ರ ದಶಕ ಅರ್ಧ ಆಗುವಷ್ಟರಲ್ಲಿ ಮುಗಿದಿತ್ತು. ಇದನ್ನು ಸಾಮಾನ್ಯವಾಗಿ ‘ಹಳೇ ಬಲೆ ಹೋಗಿ ಹೊಸ ಬಲೆ ಬಂತು’ ಅಂತ ಹೇಳಿ ಮುಗಿಸುತ್ತಾರೆ. ನನ್ನ ಪ್ರಕಾರ ಬಲೆ ಬದಲಾದದ್ದು ಚಿಕ್ಕ ಸಂಗತಿ. ಮೀನು ಇಳಿಯುವ ಜಾಗ ಬದಲಾಯಿತಲ್ಲ, ಅಲ್ಲಿಂದ ಊರಿನ ಲೆಕ್ಕವೇ ತಿರುವುಮುರುವಾಯಿತು.

ರಂಪಣಿ ಅಂದರೆ ಏನು

ದಡದಿಂದ ಎಳೆಯುವ ದೊಡ್ಡ ಬಲೆ ಇದು. ಗೋವಾ ಕಡೆಯಿಂದ ಬಂದದ್ದು ಅನ್ನುತ್ತಾರೆ. ಪೂರ್ತಿ ಜೋಡಿಸಿದರೆ ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದ. ಅಷ್ಟು ದೊಡ್ಡ ಬಲೆ ಯಾವ ಮನೆಯಲ್ಲೂ ಇರುತ್ತಿರಲಿಲ್ಲ. ಇರುತ್ತಿದ್ದದ್ದು ತುಂಡುಗಳು. ಒಬ್ಬೊಬ್ಬರ ಮನೆಯಲ್ಲಿ ಇಷ್ಟಿಷ್ಟು ತುಂಡು. ಮಳೆಗಾಲದಲ್ಲಿ ಹೆಣೆಯುವುದು, ಹರಿದದ್ದನ್ನು ಸರಿ ಮಾಡುವುದು, ನೈಲಾನ್ ಬರುವ ಮೊದಲು ಮರದ ತೊಗಟೆಯ ಕಷಾಯದಲ್ಲಿ ಬೇಯಿಸಿ ಒಣಗಿಸುವುದು ಮನೆಮನೆಯ ಕೆಲಸ. ಕಡಲು ತಣಿದು ಸೀಸನ್ ಶುರುವಾಗುವಾಗ ತುಂಡುಗಳನ್ನೆಲ್ಲ ತಂದು ಒಂದಕ್ಕೊಂದು ಕಟ್ಟಿದರೆ ರಂಪಣಿ ಆಯಿತು. ಹೀಗೆ ಸೇರಿದ ಗುಂಪಿಗೆ ‘ಫಂಡು’ ಅಂತಲೇ ಹೆಸರು. ಒಂದು ಫಂಡಿನಲ್ಲಿ ಐವತ್ತು ಜನ ಇರಬಹುದು, ನೂರರ ಹತ್ತಿರವೂ ಇರಬಹುದು.

ಸೆಪ್ಟೆಂಬರ್ ಕಳೆದ ಮೇಲೆ ಬಂಗುಡೆ (ಮ್ಯಾಕರೆಲ್), ಬೂತಾಯಿ (ಸಾರ್ಡಿನ್) ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ಮಳೆಗಾಲದಲ್ಲಿ ಕಡಲ ಅಡಿಯ ತಣ್ಣನೆ ನೀರು ಮೇಲೆದ್ದು ಬರುವುದರಿಂದ ಮೀನಿಗೆ ಮೇವು ಹೇರಳವಾಗಿರುತ್ತದೆ. ದಡದಲ್ಲಿ ನಿಂತು ನೀರಿನ ಬಣ್ಣ ನೋಡಿ ಹಿಂಡು ಎಲ್ಲಿದೆ, ಯಾವ ಕಡೆ ಹೊರಟಿದೆ ಅಂತ ಹೇಳುವವರು ಇದ್ದರು. ಅವರು ಕೈ ಎತ್ತಿದ ಕೂಡಲೇ ಬಲೆ ಹೇರಿದ ದೊಡ್ಡ ದೋಣಿ ಹೊರಡಬೇಕು. ಹಗ್ಗದ ಒಂದು ತುದಿ ದಡದಲ್ಲೇ ಇರುತ್ತದೆ. ದೋಣಿ ಹುಟ್ಟು ಹಾಕುತ್ತಾ, ಬಲೆ ಬಿಡುತ್ತಾ, ಹಿಂಡನ್ನು ಬಳಸಿಕೊಂಡು ಅರ್ಧ ಸುತ್ತು ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡೂ ಕಡೆ ಎಳೆಯುವುದೇ ಕೆಲಸ.

ಸಿಕ್ಕಿದ್ದು ವಿಪರೀತ ಇದ್ದರೆ ಒಂದೇ ದಿನ ಎಳೆದು ಮುಗಿಸುತ್ತಿರಲಿಲ್ಲ. ಬಲೆಯನ್ನು ನೀರಲ್ಲೇ ಗಟ್ಟಿಯಾಗಿ ನಿಲ್ಲಿಸಿ, ಮೀನನ್ನು ಒಳಗೆ ಜೀವಂತ ಇಟ್ಟು, ಸಣ್ಣ ಬಲೆಯಿಂದ ದಿನಕ್ಕೆ ಬೇಕಾದಷ್ಟೇ ತೆಗೆಯುತ್ತಿದ್ದರು. ಐಸು ಇಲ್ಲದ ಕಾಲಕ್ಕೆ ಅದೇ ಕೋಲ್ಡ್ ಸ್ಟೋರೇಜ್. ಒಂದೇ ದಿನ ಅಷ್ಟನ್ನೂ ದಡಕ್ಕೆ ಹಾಕಿದರೆ ಕೇಳುವವರೇ ಇರುವುದಿಲ್ಲ, ಬೆಲೆ ಪಾತಾಳಕ್ಕೆ ಇಳಿಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಉಳಿದದ್ದು ಉಪ್ಪಿಗೆ ಹೋಗುತ್ತಿತ್ತು. ಮದ್ರಾಸ್ ಸರ್ಕಾರದ ಕಾಲದಿಂದಲೇ ಈ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಯಾರ್ಡುಗಳಿದ್ದವು. ಅಲ್ಲಿ ಮೀನುಗಾರರಿಗೆ ತೆರಿಗೆ ಇಲ್ಲದ ಉಪ್ಪು ಸಿಗುತ್ತಿತ್ತು. ಬೂತಾಯಿ ಇನ್ನೂ ಜಾಸ್ತಿಯಾದರೆ ಎಣ್ಣೆ ತೆಗೆಯುವುದು, ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರ.

ಪಾಲಿನ ಲೆಕ್ಕದಲ್ಲಿ ಒಂದು ಜಾಣತನ ಇತ್ತು. ಬಲೆಗೊಂದು ಪಾಲು, ದುಡಿಮೆಗೊಂದು ಪಾಲು. ದೋಣಿಯ ಖರ್ಚಿಗೆ, ದೇವಸ್ಥಾನಕ್ಕೆ, ಊರ ಕೆಲಸಕ್ಕೆ ಅಂತ ಬೇರೆ ತೆಗೆದಿಡುವುದೂ ಇತ್ತು. ಫಂಡಿನಲ್ಲಿ ಹೆಸರಿಲ್ಲದವರೂ ಹಗ್ಗಕ್ಕೆ ಕೈ ಹಾಕಿದರೆ ಒಂದಿಷ್ಟು ಮೀನು ಹಿಡಿದುಕೊಂಡೇ ಮನೆಗೆ ಹೋಗುತ್ತಿದ್ದರು. ಮುದುಕರು, ಶಾಲೆಗೆ ಹೋಗುವ ಹುಡುಗರು ಯಾರೇ ಆಗಲಿ. ಇದನ್ನು ಸ್ವರ್ಗ ಅಂತ ತಿಳಿಯುವುದು ಬೇಡ. ಮೀನು ಬಾರದ ವರ್ಷ ಇಡೀ ಊರಿಗೆ ಒಟ್ಟಿಗೇ ಉಪವಾಸ. ಮೊಗವೀರರು ಅಷ್ಟು ಹಿಂದೆಯೇ ಮುಂಬಯಿ ಹಡಗು ಹತ್ತಿದ್ದು ಸುಮ್ನೆ ಅಲ್ಲ. ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ.

ಪರ್ಸೀನ್ ಬಂತು

ಯಂತ್ರದ ಬೋಟು ಇಲ್ಲಿಗೆ ಹೊಸದೇನಲ್ಲ. 1950ರ ದಶಕದ ಕೊನೆಯಿಂದಲೇ ಮಂಗಳೂರು, ಮಲ್ಪೆ ಕಡೆ ಸಣ್ಣ ಟ್ರಾಲ್ ಬೋಟುಗಳು ಬಂದಿದ್ದವು. ಅವು ಸಿಗಡಿಗಾಗಿ ಕಡಲ ಅಡಿ ಎಳೆಯುವ ಬೋಟುಗಳು. ರಂಪಣಿಯವರ ಬಂಗುಡೆಗೆ ಅವು ನೇರವಾಗಿ ಕೈ ಹಾಕಲಿಲ್ಲ. ಆದ್ದರಿಂದ ಎರಡೂ ಒಂದಷ್ಟು ಕಾಲ ಒಟ್ಟಿಗೆ ನಡೆದವು.

ಪರ್ಸ್ ಸೀನ್ ಬಲೆ ಹಾಗಲ್ಲ. ನಮ್ಮ ಕಡೆ ಬಾಯಲ್ಲಿ ಅದು ‘ಪರ್ಸೀನ್’ ಆಯಿತು. ಬೋಟು ಹಿಂಡಿನ ಸುತ್ತ ಒಂದು ಸುತ್ತು ಬಂದು ಬಲೆ ಬಿಡುತ್ತದೆ. ಬಲೆಯ ಕೆಳಗಂಚಿನಲ್ಲಿ ಬಳೆಗಳು, ಬಳೆಗಳೊಳಗೆ ಹಗ್ಗ. ಹಗ್ಗ ಎಳೆದರೆ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಅಡಿ ಮುಚ್ಚುತ್ತದೆ. ಮೀನಿಗೆ ಕೆಳಗಿನಿಂದಲೂ ದಾರಿ ಇಲ್ಲ. 1976ರ ಸುಮಾರಿಗೆ ದಕ್ಷಿಣ ಕನ್ನಡದಲ್ಲಿ ವ್ಯಾಪಾರಕ್ಕಾಗಿ ಇದು ಶುರುವಾಯಿತು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಇಂಥ ಬೋಟುಗಳು ನೂರರ ಲೆಕ್ಕಕ್ಕೆ ಹೋದವು.

ಎರಡು ಬಲೆಗಳ ನಡುವಿನ ಪೈಪೋಟಿ ಮೊದಲಿಂದಲೇ ಸಮ ಇರಲಿಲ್ಲ. ರಂಪಣಿ ಕಾಯುವ ಬಲೆ, ಪರ್ಸೀನ್ ಹುಡುಕಿಕೊಂಡು ಹೋಗುವ ಬಲೆ. ಹಿಂಡು ದಡಕ್ಕೆ ಬಂದರೆ ತಾನೇ ರಂಪಣಿಗೆ ಕೆಲಸ? ಅದು ನಾಲ್ಕಾರು ಮಾರು ಆಚೆಯೇ ಬೋಟಿನ ಬಲೆಗೆ ಬಿದ್ದರೆ ದಡದಲ್ಲಿ ನಿಂತವರು ಬರೀ ನೋಡಬೇಕು ಅಷ್ಟೇ. ರಂಪಣಿಯಂಥ ಗುಂಪು ಒಂದೆರಡು ಖಾಲಿ ಸೀಸನ್ ತಡೆಯಬಹುದು. ಮೂರನೆಯದಕ್ಕೆ ಬಲೆ ಹೆಣೆಯಲು ನೂಲಿಗೆ ದುಡ್ಡು ಹಾಕುವವರು ಸಿಗುವುದಿಲ್ಲ. ನೂರು ಜನರ ಬಲೆಯಲ್ಲಿ ಇಪ್ಪತ್ತು ಜನ ತುಂಡು ತರದಿದ್ದರೆ ಅಲ್ಲಿಗೆ ಆ ಬಲೆ ಮುಗಿಯಿತು. ಚಿಕ್ಕದು ಮಾಡಿಕೊಳ್ಳೋಣ ಅಂದರೆ ಹಿಂಡನ್ನು ಸುತ್ತಲು ಆಗುವುದಿಲ್ಲ.

ಗೋವಾದವರು ಜಗಳ ಆಡಿದರು, ನಮ್ಮವರು ಬೋಟು ಕೊಂಡರು

ಇದೇ ಹೊತ್ತಿಗೆ ಇದೇ ಬಲೆ ಗೋವಾದಲ್ಲೂ ಬಂತು. ಅಲ್ಲಿನ ರಾಂಪೊಣಕಾರರು, ಅಂದರೆ ರಂಪಣಿ ಎಳೆಯುವವರು, ಬೀದಿಗೆ ಇಳಿದರು. ಮತಾನ್ಹಿ ಸಲ್ಡಾನ್ಹಾ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. 1978ರಲ್ಲಿ ಬೇರೆ ಬೇರೆ ರಾಜ್ಯಗಳ ನಾಡದೋಣಿಯವರು ಸೇರಿ ರಾಷ್ಟ್ರ ಮಟ್ಟದ ವೇದಿಕೆ ಕಟ್ಟಲು ಆ ಹೋರಾಟವೂ ಒಂದು ಕಾರಣ. ಗೋವಾ ಮತ್ತು ಕೇರಳ ಎರಡೂ 1980ರಲ್ಲಿ ಕಡಲ ಮೀನುಗಾರಿಕೆಗೆ ಕಾನೂನು ತಂದವು.

ದಕ್ಷಿಣ ಕನ್ನಡದಲ್ಲೂ ಗಲಾಟೆ ಆಗಲಿಲ್ಲ ಅಂತಲ್ಲ. ಆದರೆ ಅದು ಬೇಗ ತಣ್ಣಗಾಯಿತು. ಕಾರಣ ಫಂಡು. ಒಟ್ಟಿಗೆ ಬಂಡವಾಳ ಹಾಕಿ, ಒಟ್ಟಿಗೆ ಪಾಲು ಹಂಚಿಕೊಂಡು ಅಭ್ಯಾಸ ಇದ್ದ ಜನ ಇವರು. ರಂಪಣಿಯಲ್ಲಿ ಪಾಲು ಇದ್ದವರೇ ಏಳೆಂಟು ಹತ್ತು ಜನ ಸೇರಿ ಪರ್ಸೀನ್ ಬೋಟು ಕಟ್ಟಿಸಿದರು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣ ಆದ ಮೇಲೆ ಸಾಲ ಸಿಗುವುದು ಸುಲಭವಾಗಿತ್ತು. ಹೇಳಿ ಕೇಳಿ ಇದು ಬ್ಯಾಂಕುಗಳ ತವರು ಜಿಲ್ಲೆ. ಸಹಕಾರ ಸಂಘಗಳೂ ಇದ್ದವು, ಮುಂಬಯಿಯಲ್ಲಿದ್ದವರ ದುಡ್ಡೂ ಕೂಡಿತು.

ಇದನ್ನು ಒಳ್ಳೇ ಕಥೆ ಅಂತ ಹೇಳುವವರು ಬಹಳ. ಹೊಸ ಬಲೆ ಹೊರಗಿನ ಬಂಡವಾಳಗಾರರ ಕೈಗೆ ಹೋಗಲಿಲ್ಲ, ಮೀನುಗಾರರ ಕೈಯಲ್ಲೇ ಉಳಿಯಿತು ಅನ್ನುತ್ತಾರೆ. ಅದು ನಿಜ. ಈಗ ಮಲ್ಪೆಯಲ್ಲಿ ಬೋಟು ಇರುವವರಲ್ಲಿ ದೊಡ್ಡ ಪಾಲು ಇದೇ ಸಮುದಾಯದವರು, ಬೇರೆ ಎಷ್ಟೋ ಕಡೆ ಹೀಗಿಲ್ಲ. ಆದರೆ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ರಂಪಣಿಗೆ ಎಪ್ಪತ್ತೋ ಎಂಬತ್ತೋ ಜನ ಬೇಕಿತ್ತು. ಪರ್ಸೀನ್ ಬೋಟಿಗೆ ಇಪ್ಪತ್ತೈದು ಮೂವತ್ತು ಜನ ಸಾಕು. ಅದರಲ್ಲಿ ಪಾಲುದಾರರು ಹತ್ತು. ಉಳಿದವರು ಕಲಾಸಿಗಳು, ಅಂದರೆ ಬೋಟಿನ ಕೆಲಸದಾಳುಗಳು. ಫಂಡಿನಲ್ಲಿ ನಾಲ್ಕು ತುಂಡು ಬಲೆ ಇದ್ದವನೂ ಒಬ್ಬ ಯಜಮಾನನೇ. ಬ್ಯಾಂಕಿಗೆ ತೋರಿಸಲು ಜಾಗವಾಗಲಿ ಚಿನ್ನವಾಗಲಿ ಇಲ್ಲದ ಅಂಥವನು ಬೋಟಿನಲ್ಲಿ ಕೂಲಿಯವನಾದ. ಇಲ್ಲವೇ ಮುಂಬಯಿಗೋ ಗಲ್ಫಿಗೋ ಹೋದ. ಅದೇ ಊರು, ಅದೇ ಕುಟುಂಬ, ಅದೇ ಭಜನಾ ಮಂದಿರ. ಯಾರೂ ಬಂದು ಯಾರನ್ನೂ ಒಕ್ಕಲೆಬ್ಬಿಸಲಿಲ್ಲ. ಜಗಳ ಆಗದೆ ಮುಗಿಯಲು ಇದೂ ಒಂದು ಕಾರಣ ಇರಬೇಕು. ದೂರು ಕೊಡುವುದು ಯಾರ ಮೇಲೆ? ಅಣ್ಣನ ಮೇಲೋ, ಭಾವನ ಮೇಲೋ?

ಉತ್ತರ ಕನ್ನಡದಲ್ಲಿ ಇಷ್ಟು ಸಲೀಸಾಗಿ ಬದಲಾಗಲಿಲ್ಲ. ಕಾರವಾರದಲ್ಲಿ ದಡದಿಂದ ಎಳೆಯುವ ಯೆಂಡಿ ಬಲೆ ಈಗಲೂ ಊರ ಬೀಚಿನಲ್ಲೇ ಕಾಣಸಿಗುತ್ತದೆ. ಅಲ್ಲಿನ ಕಥೆ ಬೇರೆಯೇ, ಅದಕ್ಕೆ ಬೇರೆ ಬರಹ ಬೇಕು.

ಹೆಂಗಸರ ಬುಟ್ಟಿ

ದಡ ಬದಲಾದದ್ದು ಮೊದಲು ತಟ್ಟಿದ್ದು ಹೆಂಗಸರಿಗೆ. ರಂಪಣಿ ಕಾಲದಲ್ಲಿ ಮೀನು ಮನೆಯ ಎದುರಿನ ಮರಳಿಗೇ ಬರುತ್ತಿತ್ತು. ಮೀನು ಹಿಡಿದವರೂ ಮಾರುವವರೂ ಒಂದೇ ಮನೆಯವರು, ಹೆಚ್ಚೆಂದರೆ ಪಕ್ಕದ ಮನೆಯವರು. ಬುಟ್ಟಿ ತುಂಬಿಕೊಂಡು ಗದ್ದೆ ದಾಟಿ ಒಳಗಿನ ಊರುಗಳಿಗೆ ನಡೆಯುತ್ತಿದ್ದರು. ಮೀನು ಕೊಟ್ಟು ಅಕ್ಕಿಯೋ ಭತ್ತವೋ ತರುವುದೂ ಇತ್ತು. ದುಡ್ಡು ಮೊದಲೇ ಕೊಡಬೇಕಾಗಿರಲಿಲ್ಲ. ಮಾರಿ ಬಂದ ಮೇಲೆ ಲೆಕ್ಕ.

ಪರ್ಸೀನ್ ಬೋಟು ಊರ ಮರಳಿಗೆ ಬರುವುದಿಲ್ಲ. ಅದಕ್ಕೆ ಆಳ ಬೇಕು, ಧಕ್ಕೆ (ಬೋಟು ನಿಲ್ಲುವ ಕಟ್ಟೆ) ಬೇಕು, ಐಸು ಬೇಕು, ಡೀಸೆಲ್ ಬೇಕು. ಎಲ್ಲ ಇರುವುದು ಮಲ್ಪೆಯಲ್ಲಿ. ಮಟ್ಟುವಿನ ಹೆಂಗಸು ಬೆಳಗಿನ ಜಾವ ಎದ್ದು ಮಲ್ಪೆ ತಲುಪಬೇಕು. ಅಲ್ಲಿ ಏಲಂ ಕೂಗುತ್ತಾರೆ. ಪಕ್ಕದಲ್ಲಿ ನಿಂತಿರುವವನು ಕೇರಳಕ್ಕೋ ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿಗೋ ಲಾರಿ ಲೆಕ್ಕದಲ್ಲಿ ಎತ್ತುವವನು. ಇವಳಿಗೆ ಬೇಕಿರುವುದು ಎರಡು ಬುಟ್ಟಿ. ಏಲಂನಲ್ಲಿ ಹಿಡಿದ ಮೀನಿಗೆ ದುಡ್ಡು ಅಲ್ಲೇ ಕೊಡಬೇಕು. ಬೇಕಾದರೆ ಬಡ್ಡಿಗೆ ತರಬೇಕು. ಆಮೇಲೆ ಐಸಿಗೊಂದಿಷ್ಟು, ರಿಕ್ಷಾಕ್ಕೊಂದಿಷ್ಟು. ಒಟ್ಟು ಮೀನು ಜಾಸ್ತಿ ಆದದ್ದಂತೂ ಹೌದು. ಅವಳ ಬುಟ್ಟಿಗೆ ಬಂದದ್ದೆಷ್ಟು, ಅದಕ್ಕೆ ಅವಳು ಹಾಕಿದ್ದೆಷ್ಟು ಅನ್ನುವುದು ಸರ್ಕಾರದ ಟನ್ನು ಲೆಕ್ಕದಲ್ಲಿ ಬರುವುದಿಲ್ಲ.

ಹಾಗಂತ ಅವರು ಸುಮ್ನೆ ಕೂತವರಲ್ಲ. ಈ ಕರಾವಳಿಯಲ್ಲಿ ಮೀನು ಮಾರುವ ಹೆಂಗಸರದ್ದೇ ಸಂಘಗಳಿವೆ. ಮಾರುಕಟ್ಟೆಯಲ್ಲಿ ಕಟ್ಟೆಗಾಗಿ, ನೀರಿಗಾಗಿ, ರಸ್ತೆ ಬದಿಯ ಮೀನು ಲಾರಿಗಳ ವಿರುದ್ಧ ಅವರು ಮಾಡಿದ ಜಗಳಗಳು ಗಂಡಸರ ಬಂದರು ರಾಜಕೀಯಕ್ಕಿಂತ ಒಂದು ಕೈ ಮೇಲೆಯೇ.

ಕಾನೂನು ಮತ್ತು ಮೀನು

ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ದಡದ ಹತ್ತಿರದ ನೀರನ್ನು ನಾಡದೋಣಿಯವರಿಗೆ ಬಿಟ್ಟು, ದೊಡ್ಡ ಬೋಟುಗಳು ಅದರಾಚೆ ಹೋಗಬೇಕು ಅನ್ನುವುದು ಅದರ ತಿರುಳು. ಒಳ್ಳೆಯದೇ. ಅಷ್ಟರಲ್ಲಿ ರಂಪಣಿಯ ದೊಡ್ಡ ದೋಣಿಗಳು ಶೆಡ್ಡಿನಲ್ಲಿ ಒಣಗುತ್ತಿದ್ದವು. ಕಾನೂನು ಕಾಯಬೇಕಾದದ್ದು ಅರ್ಧ ಮುಗಿದ ಮೇಲೆ ಕಾವಲಿಗೆ ಬಂತು.

ಇನ್ನು ಮೀನಿನ ವಿಷಯ. ಎಲ್ಲದಕ್ಕೂ ಪರ್ಸೀನೇ ಕಾರಣ ಅನ್ನುವುದು ಸುಲಭ, ಅಷ್ಟೇ ತಪ್ಪು ಕೂಡ. ಬೂತಾಯಿ ಯಾವತ್ತೂ ನಂಬಿಕಸ್ಥ ಮೀನಲ್ಲ. 1940ರ ದಶಕದ ಶುರುವಿನಲ್ಲಿ, ಇಂಜಿನ್ನೇ ಇಲ್ಲದ ಕಾಲದಲ್ಲಿ, ಅದು ಎಷ್ಟು ಕಡಿಮೆಯಾಯಿತೆಂದರೆ ಮದ್ರಾಸ್ ಸರ್ಕಾರ ಕೆಲವು ಬಲೆಗಳ ಮೇಲೆ ನಿರ್ಬಂಧ ಹಾಕಿತ್ತು. ಈಚಿನ ಲೆಕ್ಕ ಇನ್ನೂ ವಿಚಿತ್ರ. 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಮಳೆ, ಕಡಲ ಬಿಸಿ, ಮೇವು ಎಲ್ಲ ಸೇರಿ ಈ ಮೀನನ್ನು ಆಡಿಸುತ್ತವೆ. ಬಲೆ ಮಾಡುವುದು ಏನೆಂದರೆ, ಮೀನು ಕಡಿಮೆ ಇರುವ ವರ್ಷವೂ ಉಳಿದದ್ದನ್ನು ಹುಡುಕಿ ಹಿಡಿಯುತ್ತದೆ. ರಂಪಣಿಗೆ ಆ ಶಕ್ತಿ ಇರಲಿಲ್ಲ. ದಡಕ್ಕೆ ಬಾರದ ಮೀನು ಅದರ ಪಾಲಿಗೆ ಇಲ್ಲದ ಮೀನೇ. ಬೋಟಿನ ಮೇಲೆ ಸಾಲ ಇದ್ದವನು ಮಾತ್ರ ಮೀನು ಇಲ್ಲ ಅಂತ ಮನೆಯಲ್ಲಿ ಕೂರುವ ಹಾಗಿಲ್ಲ. ಬ್ಯಾಂಕಿನ ಕಂತಿಗೆ ಸೀಸನ್ ಇಲ್ಲ, ಅಲ್ವಾ?

ಆಮೇಲೆ ಬಂದದ್ದೆಲ್ಲ ಇದೇ ಓಟದ ಮುಂದುವರಿಕೆ. 80ರ ದಶಕದಲ್ಲಿ ನಾಡದೋಣಿಗೂ ಇಂಜಿನ್ ಕೂತಿತು. ಮುಂದೆ ರಾತ್ರಿ ಪ್ರಖರ ಲೈಟು ಹಾಕಿ ಮೀನು ಸೆಳೆದು ಹಿಡಿಯುವುದು ಶುರುವಾಯಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಎರಡನ್ನೂ ನಿಷೇಧಿಸಿತು. ಅದಾದ ಮೇಲೂ ನಾಡದೋಣಿಯವರು ಲೈಟಿನವರ ವಿರುದ್ಧ ಪ್ರತಿಭಟನೆ ಮಾಡಿದ್ದುಂಟು. ರಂಪಣಿಯವರು ಪರ್ಸೀನಿನವರ ಬಗ್ಗೆ ಆಡಿದ ಮಾತನ್ನೇ ಈಗ ಇವರು ಆಡುತ್ತಾರೆ: ಮೀನು ನಮ್ಮ ಹತ್ತಿರ ಬರುವ ಮೊದಲೇ ಖಾಲಿ.

ಕಡಲಿಗೆ ಹೋಗುವವರೂ ದೂರ ದೂರ ಹೋದರು. ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ಹೊರಟರೆ ಹತ್ತು ದಿನ. ಮಹಾರಾಷ್ಟ್ರ, ಗುಜರಾತಿನ ಕಡೆಗೂ ಹೋಗುತ್ತವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ. ಆ ಏಳರಲ್ಲಿ ಐದು ಜನ ಉತ್ತರ ಕನ್ನಡದವರು. ಈಗ ಮಲ್ಪೆ ಬೋಟುಗಳಲ್ಲಿ ದುಡಿಯುವವರು ಅಲ್ಲಿಂದ, ಆಂಧ್ರದಿಂದ, ಒಡಿಶಾದಿಂದ ಬಂದವರು. ಬೋಟು ಮೊಗವೀರರದ್ದು, ದುಡಿಮೆ ಬೇರೆಯವರದ್ದು. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಮಕ್ಕಳು ಓದಿದರು, ಬೇರೆ ಕೆಲಸ ಹಿಡಿದರು. ಓದಿಸಿದ ದುಡ್ಡು ಬೋಟಿನದೇ.

ಕೈರಂಪಣಿ ಉಳಿದಿದೆ

ರಂಪಣಿ ಪೂರ್ತಿ ಹೋಗಿಲ್ಲ. ಅದರ ಸಣ್ಣ ರೂಪ ಕೈರಂಪಣಿ ಈ ಊರುಗಳಲ್ಲಿ ಈಗಲೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ರಜೆ. ಹತ್ತು ಅಶ್ವಶಕ್ತಿಗಿಂತ ದೊಡ್ಡ ಇಂಜಿನ್ ಇದ್ದವೂ ಇಳಿಯುವ ಹಾಗಿಲ್ಲ. ಮಳೆ ಸ್ವಲ್ಪ ಬಿಟ್ಟು ಕಡಲು ಸಮಾಧಾನವಾದರೆ ಕೈರಂಪಣಿಯವರು ಬಲೆ ಬಿಡುತ್ತಾರೆ.

ನೋಡದವರಿಗೆ ಸ್ವಲ್ಪ ಹೇಳಬೇಕು. ಎರಡು ಹಗ್ಗ, ನಡುವೆ ನೂರಾರು ಅಡಿ ಅಂತರ, ಪ್ರತಿ ಹಗ್ಗಕ್ಕೆ ಹತ್ತು ಹದಿನೈದು ಜನ. ಹಿಮ್ಮಡಿ ಮರಳಿಗೆ ಊರಿ ಹಿಂದೆ ಹಿಂದೆ ನಡೆಯುತ್ತಾರೆ. ಸಾಲಿನ ಹಿಂದಿನವನು ಹಗ್ಗ ಬಿಟ್ಟು ಓಡಿ ನೀರಿನ ಅಂಚಿಗೆ ಹೋಗಿ ಮತ್ತೆ ಹಿಡಿಯುತ್ತಾನೆ. ಹೀಗೇ ಸುತ್ತು. ಬಲೆ ಹತ್ತಿರ ಬಂದಷ್ಟೂ ಎರಡು ಸಾಲೂ ಒಂದರ ಕಡೆ ಒಂದು ಸರಿಯುತ್ತವೆ. ಕೊನೆಗೆ ಚೀಲದ ಭಾಗ ಅಲೆಗೆ ಸಿಕ್ಕಿ ಹೊರಳಾಡುವಾಗ ಎದೆಮಟ್ಟ ನೀರಿಗೆ ಇಳಿದವರ ಕೂಗು ಶುರು. ಬೊಳೆಂಜಿರ್ ಅನ್ನುವ ಸಣ್ಣ ಮೀನು, ಬೂತಾಯಿ, ಒಂದೆರಡು ಏಡಿ, ಅಂಟಂಟು ಲೋಳೆಮೀನು, ಈಗೀಗ ಪ್ಲಾಸ್ಟಿಕ್ ಚೀಲಗಳೂ. ಹಗ್ಗ ಹಿಡಿದವರಲ್ಲಿ ರಿಕ್ಷಾ ಓಡಿಸುವವರು, ರಜೆಯಲ್ಲಿರುವ ಬೋಟಿನ ತಾಂಡೇಲರು (ಬೋಟು ನಡೆಸುವವರು), ಊರಿಗೆ ಬಂದ ಮುಂಬಯಿಯವರು ಎಲ್ಲ ಇರುತ್ತಾರೆ. ಪಾಲು ಹಂಚುವುದು ಹಳೇ ಕ್ರಮದಲ್ಲೇ. ಫಂಡು ಅನ್ನುವ ಹೆಸರೂ ಉಳಿದಿದೆ.

ಇದಕ್ಕೆ ಈಗಿರುವ ತೊಂದರೆ ಬೋಟಿನದ್ದಲ್ಲ, ಜಾಗದ್ದು. ಕೈರಂಪಣಿಗೆ ಉದ್ದಕ್ಕೆ ತೆರೆದ ಮರಳು ಬೇಕು. ಕಡಲ್ಕೊರೆತ ತಡೆಯಲು ಎಷ್ಟೋ ಕಡೆ ಸಾಲಾಗಿ ದೊಡ್ಡ ಬಂಡೆ ಸುರಿದಿದ್ದಾರೆ. ಆ ಬಂಡೆಗಳ ಮೇಲೆ ಬಲೆ ಎಳೆಯಲು ಆಗುವುದಿಲ್ಲ, ದೋಣಿ ಹತ್ತಿಸಲೂ ಆಗುವುದಿಲ್ಲ. ಮನೆ ಉಳಿಸಿಕೊಳ್ಳಲು ಬಂಡೆ ಕೇಳಿದವರೂ ಇದೇ ಜನ ಅನ್ನುವುದನ್ನು ಮರೆಯಬಾರದು. ಮನೆಯೋ ಬಲೆಯೋ ಅಂದರೆ ಯಾರಾದರೂ ಮನೆ ಅಂತಲೇ ಹೇಳುತ್ತಾರೆ. ಬಂಡೆ ಇಲ್ಲದ ಒಳ್ಳೇ ಮರಳಿನ ಮೇಲೆ ಪ್ರವಾಸೋದ್ಯಮದ ಕಣ್ಣು. ಪಡುಬಿದ್ರಿ ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. 2019ರ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಜನಸಂದಣಿ ಹೆಚ್ಚಿರುವ ಹಳ್ಳಿಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಚದರ ಕಿಲೋಮೀಟರಿಗೆ 2,161 ಜನರಿಗಿಂತ ಜಾಸ್ತಿ ಇದ್ದರೆ ಈ ಸಡಿಲಿಕೆ. ಕಡಲ ತಡಿಯ ಹಳ್ಳಿ ಈ ಗಡಿ ದಾಟಿದರೆ ಬಲೆ ಒಣಗಿಸುವ, ದೋಣಿ ಇಡುವ ಜಾಗದ ಬೆನ್ನಿಗೇ ಕಟ್ಟಡ ಬರಬಹುದು.

ಹಾಗಾಗಿ ಗ್ರಾಮಸಭೆಗಳು ಈಗ ಕೈ ಹಾಕಬೇಕಾದದ್ದು ನಕ್ಷೆಗೆ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಮೀನುಗಾರರ ಊರು, ದೋಣಿ ಇಡುವ ಜಾಗ, ಮೀನು ಒಣಗಿಸುವ ಜಾಗ ಗುರುತಿಸಲು ಅವಕಾಶ ಇದೆ. ಕರಡು ಹೊರಬಂದಾಗ ಆಕ್ಷೇಪಣೆ ಸಲ್ಲಿಸಬಹುದು. ಕೈರಂಪಣಿ ಎಳೆಯುವ ಮರಳು ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಪ್ರತಿ ಫಂಡಿನವರಿಗೂ ಬಾಯಿಪಾಠ. ಅದನ್ನು ಸರ್ವೆ ನಂಬರಿನ ಸಮೇತ ಬರೆದು ಕೊಡುವ ಕೆಲಸ ಬಾಕಿ ಇದೆ. ಬಂಡೆ ಹಾಕುವ ಟೆಂಡರ್ ಆಗುವ ಮೊದಲೇ, ನಡುವೆ ದೋಣಿ ಹತ್ತಿಸುವಷ್ಟು ಜಾಗ ಬಿಡಿ ಅಂತ ಕೇಳುವುದೂ ಅದೇ ಅರ್ಜಿಯಲ್ಲಿ ಸೇರಬಹುದು.